ಶಿಕ್ಷಕರಿಗೆ ಕಂಪ್ಯೂಟರ್ ತೋರಿಸುವ ಶಾಸ್ತ್ರ: ಒಂದು ಮೀಮಾಂಸೆ

ಪ್ರಸ್ತುತ ಪ್ರಬಂಧವು ಗಣಕಾಧಾರಿತ ಬೋಧನಾ ಸಾಮರ್ಥ್ಯ ಸಂವರ್ಧನೆಯ ಬಹುಸ್ತರೀಯ, ಸಹಭಾಗಿತ್ವಪೂರ್ಣ, ಫಲಿತಾಂಶಮುಖಿ ಪ್ರಕ್ರಿಯೆಯನ್ನು ಸಮಗ್ರ ದೃಷ್ಟಿಕೋನದಿಂದ ಅವಲೋಕಿಸುವ ಒಂದು ವಿನಮ್ರ ಪ್ರಯತ್ನವಾಗಿರುತ್ತದೆ. ಈ ವಾಕ್ಯಕ್ಕೆ ಅರ್ಥವೇನು ಎಂದು ಕೇಳುವವರು ಶಿಕ್ಷಕರ ತರಬೇತಿ ಕೈಪಿಡಿಯ ಮುನ್ನುಡಿಯನ್ನು ಇದುವರೆಗೆ ಓದಿದವರಲ್ಲ. ಶಾಸ್ತ್ರಗ್ರಂಥದ ಆರಂಭದಲ್ಲಿ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಹೇಳಬೇಕೆಂಬ ನಿಯಮವುಂಟು. ವಿಷಯ: ತರಗತಿಯಲ್ಲಿ ಕಂಪ್ಯೂಟರ್ ಬಳಸುವಂತೆ ಶಿಕ್ಷಕರನ್ನು ತಯಾರು ಮಾಡುವುದು. ಪ್ರಯೋಜನ: ಪ್ರಮಾಣಪತ್ರ. ಅಧಿಕಾರಿ: ಓಓಡಿ (ಅನ್ಯ ಕರ್ತವ್ಯ) ಮೇಲೆ ಬಂದು ಸಹಿ ಹಾಕಿದ ಯಾರಾದರೂ. ಸಂಬಂಧ, ಅಂದರೆ ತರಬೇತಿಗೂ ತರಗತಿಗೂ ಇರುವ ನಂಟು, ಇನ್ನೂ ಪತ್ತೆಯಾಗದ ಕಾರಣ ಮುಂದಿನ ಸಂಶೋಧಕರಿಗೆ ಬಿಡಲಾಗಿದೆ. ಪ್ರಬಂಧದ ಸಿದ್ಧಾಂತ ಇಷ್ಟೇ: ತರಬೇತಿಯ ಗುರಿ ತರಬೇತಿ. ಇಷ್ಟು ಜನ ತರಬೇತಿ ಪಡೆದರು ಎಂಬ ಅಂಕಿ ಮೇಲಿನ ಕಚೇರಿ ತಲುಪಿದ ಗಳಿಗೆಯಲ್ಲಿ ಆ ಗುರಿ ಈಡೇರಿತು. ಆಮೇಲೆ ಯಾವ ತರಗತಿಯಲ್ಲಿ ಏನಾಯಿತು ಎಂಬುದು ಈ ಶಾಸ್ತ್ರದ ವ್ಯಾಪ್ತಿಗೆ ಹೊರಗು.

ಸಿದ್ಧಾಂತಕ್ಕೆ ಮೊದಲ ಪ್ರಮಾಣ ಇತಿಹಾಸ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ಕೊಟ್ಟಿತು. 2001ರ ಹೊತ್ತಿಗೆ ನಮ್ಮ ಕರ್ನಾಟಕದಲ್ಲಿ ‘ಮಾಹಿತಿ ಸಿಂಧು’ ಬಂತು. ಸುಮಾರು ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕೊಠಡಿಗಳಾದವು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಮೇಲೆ ಡಿಷ್‌ಗಳು ಕೂತವು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರದ ‘ಐಸಿಟಿ’ ಯೋಜನೆ, 2016-17ರಲ್ಲಿ ತಂತ್ರಜ್ಞಾನ ಬಳಸಿ ಕಲಿಸುವ ರಾಜ್ಯದ ‘ಟಾಲ್ಪ್’, 2017ರ ಶಿಕ್ಷಕರ ದಿನದಂದು ‘ದೀಕ್ಷಾ’ ಜಾಲತಾಣ, 2019ರಲ್ಲಿ ‘ನಿಷ್ಠಾ’ ತರಬೇತಿ, ಮರುವರ್ಷ ಅದರ ಆನ್‌ಲೈನ್ ಅವತಾರದ 18 ಮಾಡ್ಯೂಲುಗಳು. ಯೋಜನೆ ಸಾಯುವುದಿಲ್ಲ, ಹೆಸರೆಂಬ ಹಳೆಯ ವಸ್ತ್ರ ಕಳಚಿ ಹೊಸದನ್ನು ಉಡುತ್ತದೆ. ಇದನ್ನು ನಾವು ಯೋಜನಾ ಪುನರ್ಜನ್ಮ ನಿಯಮ ಎನ್ನುತ್ತೇವೆ. ಹಿಂದಿನ ಜನ್ಮದ ನೆನಪು ಇರಕೂಡದೆಂಬುದು ನಿಯಮದ ಎರಡನೆಯ ಭಾಗ. ಹಾಗಾಗಿಯೇ ಪ್ರತಿ ತರಬೇತಿಯೂ ಮಾನಿಟರ್, ಕೀಬೋರ್ಡ್, ಮೌಸ್ ಎಂಬ ತ್ರಿಮೂರ್ತಿಗಳ ಪರಿಚಯದಿಂದಲೇ ಶುರುವಾಗಬೇಕು.

ಇವುಗಳಲ್ಲಿ ಅತ್ಯಂತ ಶಾಸ್ತ್ರೋಕ್ತವಾದದ್ದು ಗುತ್ತಿಗೆಯ ಕ್ರಮ. ಖಾಸಗಿ ಸಂಸ್ಥೆಯೊಂದು ಯಂತ್ರ, ತಂತ್ರಾಂಶ, ಕಲಿಸುವ ಆಳು ಮೂರನ್ನೂ ಐದು ವರ್ಷ ಒದಗಿಸಿ, ಅವಧಿ ಮುಗಿದ ಮೇಲೆ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೋಗುವುದು. ಐದು ವರ್ಷ ಓಡಿದ ಕಂಪ್ಯೂಟರ್ ಶಾಲೆಯ ಆಸ್ತಿಯಾಗುವ ಮುಹೂರ್ತವೂ ಗುಜರಿಗೆ ಅರ್ಹತೆ ಪಡೆಯುವ ಮುಹೂರ್ತವೂ ಒಂದೇ. ಕಲಿಸಲು ಬಂದ ಹುಡುಗ ಅಂದೇ ಊರಿಗೆ ಹೋದ. ಆ ಐದು ವರ್ಷ ವಿಜ್ಞಾನದ ಮೇಷ್ಟ್ರಾಗಲಿ ಕನ್ನಡದ ಮೇಡಂ ಆಗಲಿ ಆ ಕೊಠಡಿಯೊಳಗೆ ಕಾಲಿಡುವ ಪ್ರಮೇಯವೇ ಬಂದಿರಲಿಲ್ಲ, ಅದು ‘ಕಂಪ್ಯೂಟರ್ ಸರ್’ ಪೀರಿಯಡ್ಡು. ಉಳಿದದ್ದು ದಾಸ್ತಾನು ಪುಸ್ತಕದಲ್ಲಿ ಹತ್ತು ಯಂತ್ರ, ಒಂದು ಯುಪಿಎಸ್ ಎಂಬ ನಮೂದು, ಮತ್ತು ಕಳುವಾದರೆ ತಮ್ಮ ಸಂಬಳದಲ್ಲಿ ಹಿಡಿದಾರೆಂದು ಹೆದರಿ ಬೀಗದ ಕೈಯನ್ನು ಸದಾ ಜೇಬಿನಲ್ಲಿಟ್ಟುಕೊಂಡ ಮುಖ್ಯೋಪಾಧ್ಯಾಯರು.

ಎರಡನೆಯ ಪ್ರಮಾಣ ತರಬೇತಿ ಕೊಠಡಿ. ಗಿಡಕ್ಕೆ ನೀರೆರೆದು ಉದ್ಘಾಟನೆ, ಪ್ರಾಸ್ತಾವಿಕ ನುಡಿ, ಬ್ಯಾಗು-ಪೆನ್ನು ವಿತರಣೆ, ಚಹಾ. ನಂತರ ಪಿಪಿಟಿ ಮಾಡುವುದು ಹೇಗೆ ಎಂಬುದರ ಮೇಲೊಂದು ಪಿಪಿಟಿ. ಸಂಪನ್ಮೂಲ ವ್ಯಕ್ತಿಗಳು ಸಭೆಗೆ ಬೆನ್ನು ಹಾಕಿ ಅದನ್ನು ಓದುತ್ತಾರೆ. ಒಂದು ಯಂತ್ರಕ್ಕೆ ಮೂವರು ಎಂಬುದು ಈ ರಸದ ಸ್ಥಾಯೀಭಾವ. ಮೌಸ್ ಹಿಡಿದವರು ಮೂಷಕಪಾಣಿಗಳು. ಪಕ್ಕದಲ್ಲಿ ಕೂತು ‘ಅಲ್ಲಲ್ಲ, ಎಡಗಡೇದು ಒತ್ರೀ’ ಎನ್ನುವವರು ಮಂತ್ರದ್ರಷ್ಟಾರರು. ಮೂರನೆಯವರು ಕೇವಲದರ್ಶಿಗಳು; ಇವರಲ್ಲಿ ಪರದೆದರ್ಶಿ, ಗಡಿಯಾರದರ್ಶಿ ಎಂದು ಎರಡು ಪ್ರಭೇದ; ಗಡಿಯಾರದರ್ಶಿಗಳಲ್ಲಿ ಬೈಕಿನವರು, ಕಡೇ ಬಸ್ಸಿನವರು ಎಂದು ಮತ್ತೆರಡು. ಹೀಗೆ ಹದಿನಾರು ಬಗೆಗಳನ್ನು ನಿರೂಪಿಸುವ ಸಂಕಲ್ಪವಿತ್ತು. ಕೈಬಿಟ್ಟಿದ್ದೇನೆ. ಸಂಜೆ ಹಾಜರಿ ಪಟ್ಟಿಯಲ್ಲಿ ಎಲ್ಲರ ಸಹಿಗೂ ಒಂದೇ ಬೆಲೆ, ಎಲ್ಲರೂ ‘ತರಬೇತಿ ಪಡೆದವರು’. ಇಲಾಖೆಯೇ ಮಾಡದ ಭೇದವನ್ನು ಮಾಡಲು ನಾನ್ಯಾರು?

ಅದೇ ಪಿಪಿಟಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡ ಮೂರು ವೃತ್ತಗಳ ಚಿತ್ರವೊಂದು ಬರುವುದುಂಟು. ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಮುಂದಿಟ್ಟ ಚೌಕಟ್ಟು ಅದು: ವಿಷಯದ ತಿಳಿವು, ಕಲಿಸುವ ತಿಳಿವು, ತಂತ್ರಜ್ಞಾನದ ತಿಳಿವು, ಮೂರೂ ಕೂಡುವ ನಡುವಣ ಜಾಗದಲ್ಲೇ ಶಿಕ್ಷಕರ ಕೆಲಸ. ಮಾತು ನಿಜವಾದದ್ದು. ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ತ್ರಿಭುಜದ ಒಂದು ಮೂಲೆ ಹಿಡಿದು ಎಳೆದರೆ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಿಂದ ಅಲ್ಲಾಡುವುದಿಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮಾಡಲಾಗದ ಕೆಲಸ ಅದು. ಇದನ್ನು ಯಾವ ಪಾಠದ ಯಾವ ಹಂತದಲ್ಲಿ ತೋರಿಸಬೇಕು, ತೋರಿಸುವ ಮೊದಲು ಮಕ್ಕಳಿಗೆ ಯಾವ ಪ್ರಶ್ನೆ ಕೇಳಬೇಕು, ಹತ್ತು ಯಂತ್ರಕ್ಕೆ ಅರವತ್ತು ಮಕ್ಕಳಾದರೆ ಹೇಗೆ ಕೂರಿಸಬೇಕು ಎಂದು ಗಣಿತದ ಮೇಷ್ಟ್ರುಗಳು ಒಂದು ಮಧ್ಯಾಹ್ನ ಜಗಳವಾಡಿದರೆ ಅದು ತರಬೇತಿ. ನಮ್ಮಲ್ಲಿ ವೃತ್ತಗಳು ಪರದೆಯ ಮೇಲಿವೆ, ಮಧ್ಯಾಹ್ನ ಕೋಷ್ಟಕಕ್ಕೆ ಗೆರೆ ಹಾಕುವುದರಲ್ಲಿ ಕಳೆಯುತ್ತದೆ. ಕನ್ನಡದ ಮೇಡಂ ಹಳೆಯ ನುಡಿ ಫಾಂಟಿನಲ್ಲಿ ಪ್ರಶ್ನೆಪತ್ರಿಕೆ ಟೈಪಿಸಿ ಪೆನ್‌ಡ್ರೈವಿನಲ್ಲಿ ಒಯ್ಯುತ್ತಾರೆ. ಶಾಲೆಯ ಯಂತ್ರದಲ್ಲಿ ತೆರೆದರೆ ತಲೆಗೆ ಟೋಪಿ, ಚುಕ್ಕೆ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಸಾಲು. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು, ಆ ಫಾಂಟ್ ಇಲ್ಲದ ಕಡೆ ಅಸಲು ಅಕ್ಷರ ಹೊರಬರುತ್ತದೆ. ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆಯಿರುವುದರಿಂದ ಆ ಕಾಟವಿಲ್ಲ. ಐದು ನಿಮಿಷದ ಮಾತು. ಅದನ್ನು ಹೇಳುವವರಿಲ್ಲದೆ ‘ನನಗಿದು ಬರೋದಿಲ್ಲ ಬಿಡಿ’ ಎಂದು ಪೆನ್‌ಡ್ರೈವ್ ಎತ್ತಿಟ್ಟವರನ್ನು ಯಾವ ವರದಿಯೂ ಲೆಕ್ಕ ಹಾಕಿಲ್ಲ.

ಪೂರ್ವಪಕ್ಷ ಹೀಗೆನ್ನುತ್ತದೆ: ದೋಷ ತರಬೇತಿಯದಲ್ಲ, ಶಿಕ್ಷಕರದು, ಅವರಿಗೆ ಕಲಿಯುವ ಮನಸ್ಸಿಲ್ಲ, ವಯಸ್ಸಾಗಿದೆ, ಭಯವಿದೆ. ಅಲ್ಲಗಳೆಯುವುದು ಬಹಳ ಸುಲಭ. ಇದೇ ಶಿಕ್ಷಕರು ಇಲಾಖೆಯ ಸ್ಯಾಟ್ಸ್ ಜಾಲತಾಣದಲ್ಲಿ ಪ್ರತಿ ಮಗುವಿನ ವಿವರ ತುಂಬುತ್ತಾರೆ, ಶಾಲೆಯ ಅಂಕಿಅಂಶದ ಯು-ಡೈಸ್ ಮುಗಿಸುತ್ತಾರೆ, ಬಿಸಿಯೂಟದ ಲೆಕ್ಕ ಕೊಡುತ್ತಾರೆ, ಹಗಲು ಸರ್ವರ್ ಸಿಗದಿದ್ದರೆ ರಾತ್ರಿ ಎದ್ದು ಕೂತು ಮಾಡುತ್ತಾರೆ. 2020ರಲ್ಲಿ ಶಾಲೆ ಮುಚ್ಚಿದಾಗ ವಾಟ್ಸ್ಆ್ಯಪ್ ಗುಂಪು ಕಟ್ಟಿದವರು, ಮೊಬೈಲನ್ನು ಪುಸ್ತಕಗಳ ಅಟ್ಟಿಗೆ ಒರಗಿಸಿ ಪಾಠದ ವಿಡಿಯೊ ಮಾಡಿದವರು ಇವರೇ. ಆ ವರ್ಷದ ‘ವಿದ್ಯಾಗಮ’ದಲ್ಲಿ ಇಂಟರ್ನೆಟ್ ಇರುವ ಮಕ್ಕಳು, ಬರೀ ಫೋನಿರುವವರು, ಏನೂ ಇಲ್ಲದವರು ಎಂದು ಪಟ್ಟಿ ಮಾಡಿ, ಮೂರನೆಯ ಪಟ್ಟಿಯ ಮಕ್ಕಳನ್ನು ಹುಡುಕಿಕೊಂಡು ಗುಡಿಯ ಜಗಲಿಗೂ ಮರದ ಕೆಳಗೂ ಹೋದವರು ಇವರೇ. ಅವರಿಗೆ ಗಿಡಕ್ಕೆ ನೀರೆರೆದು ಕಲಿಸಿದವರು ಯಾರು? ಕೆಲಸ ನಿಜವಾಗಿತ್ತು, ಯಂತ್ರ ಅವರ ಕೈಯಲ್ಲೇ ಇತ್ತು, ನಾಳೆ ಬೆಳಗ್ಗೆ ಆಯಿತೇ ಎಂದು ಕೇಳುವವರಿದ್ದರು, ತಿಳಿಯದಿದ್ದರೆ ಪಕ್ಕದ ಶಾಲೆಯವರಿಗೆ ಫೋನ್ ಮಾಡಬಹುದಿತ್ತು. ಅಷ್ಟಿದ್ದರೆ ಕಲಿಯುತ್ತಾರೆ. ಇಲಾಖೆಗೆ ಅಂಕಿ ಬೇಕಿತ್ತು, ಅಂಕಿ ತುಂಬುವುದನ್ನು ಕಲಿತರು. ಪಾಠಕ್ಕೆ ಕಂಪ್ಯೂಟರ್ ಬಳಸಿದಿರಾ ಎಂದು ಯಾರೂ ಮರುದಿನ ಫೋನ್ ಮಾಡಲಿಲ್ಲ. ಇಷ್ಟಾದ ಮೇಲೂ ಇವರನ್ನು ದಡ್ಡರೆನ್ನುವುದು ಶುದ್ಧ ಅವಮಾನ. ಅದನ್ನು ಶಾಸ್ತ್ರದ ಭಾಷೆಯಲ್ಲಿ ಹೇಳಲು ನನಗೆ ಇಷ್ಟವಿಲ್ಲ.

ಎರಡನೆಯ ಪೂರ್ವಪಕ್ಷ ಇನ್ನಷ್ಟು ಘನವಾದದ್ದು: ಕಂಪ್ಯೂಟರೇ ದಂಡ, ತರಬೇತಿ ಹೇಗಿದ್ದರೇನು? ಇದಕ್ಕೆ ಪೆರುವಿನಲ್ಲಿ ಆಧಾರವಿದೆ. ಅಲ್ಲಿನ ಗ್ರಾಮೀಣ ಭಾಗದ 319 ಶಾಲೆಗಳ ಅಧ್ಯಯನವೊಂದರಲ್ಲಿ, ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟು ಸುಮಾರು 15 ತಿಂಗಳಾದ ಮೇಲೆ ನೋಡಿದರೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಗೆದ್ದದ್ದೇನೂ ಕಾಣಲಿಲ್ಲ. ಆದರೆ ನಮ್ಮದೇ ವಡೋದರಾ ಬೇರೆ ಕಥೆ ಹೇಳುತ್ತದೆ. ಪಾಲಿಕೆ ಶಾಲೆಗಳಿಗೆ ಸರ್ಕಾರ ನಾಲ್ಕು ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು, ಹೆಚ್ಚಿನವು ಸುಮ್ಮನೆ ಬಿದ್ದಿದ್ದವು. ಅವುಗಳ ಮೇಲೆಯೇ ನಾಲ್ಕನೆಯ ತರಗತಿಯ ಮಕ್ಕಳು ವಾರಕ್ಕೆ ಎರಡು ಗಂಟೆ, ತಮ್ಮ ಮಟ್ಟಕ್ಕೆ ಹೊಂದುವ ಲೆಕ್ಕದ ಆಟಗಳನ್ನು ಆಡಿದಾಗ ಗಣಿತದ ಅಂಕ ಏರಿತೆಂದು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2007ರಲ್ಲಿ ಬರೆದರು. ಕಾರ್ಯಕ್ರಮ ನಿಂತ ಮೇಲೆ ಆ ಲಾಭ ಬಹುಪಾಲು ಕರಗಿತೆಂದೂ ಅವರೇ ಬರೆದಿದ್ದಾರೆ. ಬಿದ್ದಿದ್ದ ಯಂತ್ರ ಎದ್ದಿತು, ಬಿಟ್ಟಾಗ ಮತ್ತೆ ಬಿತ್ತು. ಹಾಗಾದರೆ ದಂಡವಾದದ್ದು ಯಂತ್ರವೋ, ಅದನ್ನು ಪಾಠಕ್ಕೆ ಹೊಂದಿಸಿ ನಡೆಸಿಕೊಂಡು ಹೋಗುವ ಕೆಲಸ ಯಾರದೂ ಅಲ್ಲವೆಂದು ಬಿಟ್ಟದ್ದೋ?

ಕೇರಳದಲ್ಲಿ ಆಗಿದೆಯಲ್ಲ ಎನ್ನುವವರಿಗೆ ಉತ್ತರ: ಆಗಿದೆ, ಮತ್ತು ಅದು ನನ್ನ ಪಕ್ಷದ ಸಾಕ್ಷಿ. 2001ರಲ್ಲಿ ಶುರುವಾಗಿ 2017ರಲ್ಲಿ ‘ಕೈಟ್’ ಆದ ಅಲ್ಲಿನ ಐಟಿ ಅಟ್ ಸ್ಕೂಲ್ ಯೋಜನೆಯಲ್ಲಿ ಕಲಿಸಿದವರು ಶಾಲಾ ಶಿಕ್ಷಕರೇ, ಬಳಸಿದ್ದು ಮುಕ್ತ ತಂತ್ರಾಂಶ, ಕೆಲಸ ಗುತ್ತಿಗೆದಾರರ ಬಳಿ ಇರಲಿಲ್ಲ, ಹೆಸರೂ ವರ್ಷವರ್ಷ ಬದಲಾಗಲಿಲ್ಲ. ನಮ್ಮಲ್ಲೂ 2011ರ ಸುಮಾರಿಗೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯ ವಿಷಯ ಶಿಕ್ಷಕರ ವೇದಿಕೆಯಲ್ಲಿ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜದ ಶಿಕ್ಷಕರು ತಾವು ಮಾಡಿದ್ದನ್ನು ಪರಸ್ಪರ ಹಂಚಿಕೊಂಡರು, ತಪ್ಪು ತಿದ್ದಿದರು, ಅರ್ಧರಾತ್ರಿಯಲ್ಲೂ ವಾದ ಮಾಡಿದರು. ಅಂದರೆ ದಾರಿ ಗೊತ್ತಿಲ್ಲದೆ ಹೀಗಾಗಿಲ್ಲ. ಗೊತ್ತಿರುವ ದಾರಿಯನ್ನು ಅಂಕಿಯ ಕಾಲಂನಲ್ಲಿ ತುಂಬಲು ಬರುವುದಿಲ್ಲ, ಅಷ್ಟೇ.

ಕೊನೆಯದಾಗಿ ಹಿಮ್ಮಾಹಿತಿ ನಮೂನೆ, ಅಂದರೆ ಈ ಶಾಸ್ತ್ರದ ಉಪಸಂಹಾರ ಪ್ರಕರಣ. ಊಟ ಹೇಗಿತ್ತು, ವಸತಿ ಹೇಗಿತ್ತು, ಸಂಪನ್ಮೂಲ ವ್ಯಕ್ತಿಗಳು ಹೇಗಿದ್ದರು: ಅತ್ಯುತ್ತಮ, ಉತ್ತಮ, ಸಾಧಾರಣ. ಕಡೇ ಬಸ್ಸಿನವರು ಮೂರಕ್ಕೂ ಅತ್ಯುತ್ತಮವೆಂದು ಗುರುತು ಹಾಕಿ ಓಡುತ್ತಾರೆ. ಇಬ್ಬರೇ ಇರುವ ಶಾಲೆಯಿಂದ ಒಬ್ಬರು ಇಲ್ಲಿಗೆ ಬಂದಿದ್ದರೆ, ಅಷ್ಟೂ ದಿನ ಅಲ್ಲಿ ಐದು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಮಗ್ಗಿ ಕೂಗುತ್ತಿರುತ್ತಾರೆ. ಆ ವೆಚ್ಚಕ್ಕೆ ನಮೂನೆಯಲ್ಲಿ ಜಾಗವಿಲ್ಲ. ಮೂರು ತಿಂಗಳಾದ ಮೇಲೆ ಯಾವ ಪಾಠಕ್ಕೆ ಬಳಸಿದಿರಿ, ಎಲ್ಲಿ ತೊಡಕಾಯಿತು, ಏನು ಸಹಾಯ ಬೇಕು ಎಂಬ ಒಂದೇ ಒಂದು ಕಾಲಂ ಸೇರಿಸಬಾರದೇ ಎಂದು ಸಜ್ಜನರು ಕೇಳಿಯಾರು. ಸೇರಿಸಬಹುದು. ಬ್ಯಾಟರಿ ಸತ್ತಿದೆ, ಬಳಸಿಲ್ಲ ಎಂದು ನಿಜ ಬರೆದವರಿಗೆ ಕಾರಣ ಕೇಳಿ ನೋಟಿಸ್ ಹೋಗುತ್ತದೆ. ಚೆನ್ನಾಗಿ ಬಳಸಿದೆವು ಎಂದು ನಿಜ ಬರೆದವರನ್ನು ಮುಂದಿನ ತರಬೇತಿಗೆ ಸಂಪನ್ಮೂಲ ವ್ಯಕ್ತಿಯಾಗಿ ಓಓಡಿ ಮೇಲೆ ಕರೆಸಿಕೊಳ್ಳುತ್ತಾರೆ, ಮತ್ತು ಕಂಪ್ಯೂಟರಿನಲ್ಲಿ ಪಾಠ ಮಾಡಬಲ್ಲ ಒಬ್ಬರಿದ್ದ ಆ ತರಗತಿಗೆ ಈಗ ಮೇಷ್ಟ್ರೇ ಇರುವುದಿಲ್ಲ.