ಆ ರಾತ್ರಿ ಆರ್ಡರ್ ಮಾಡಿದವರು ಯಾರು?

ಬೆಂಗಳೂರು ಕೋಟೆಯ ಗೋಡೆಗೆ ಫಲಕ ಹಾಕಿಸಿದ ದೊರೆಗಳಿಗೂ, ಮೈಸೂರು ಯುದ್ಧಗಳ ವರದಿ ಬರೆದ ಲಂಡನ್ನಿನ ಸಮಸ್ತ ಮಹನೀಯರಿಗೂ ಗಿರಿನಗರದಿಂದ ನಮಸ್ಕಾರಗಳು.

ಹೂವು ತರಲು ಮಾರ್ಕೆಟ್ಟಿಗೆ ಹೋದವನು ಹಾಗೇ ಕೋಟೆಯ ಕಡೆ ಕಾಲು ಹಾಕಿದೆ. ತಮ್ಮ ಕಲ್ಲು ಅಲ್ಲೇ ಇದೆ. 1791ರ ಮಾರ್ಚ್ 21ರಂದು ಈ ಬಿರುಕಿನ ಮೂಲಕ ಬ್ರಿಟಿಷ್ ದಾಳಿಯನ್ನು 'ಡೆಲಿವರ್' ಮಾಡಲಾಯಿತಂತೆ. ಡೆಲಿವರ್! ನಮ್ಮ ಸೀತಾ ಸರ್ಕಲ್ಲಿನಲ್ಲಿ ಸಂಜೆಯಾದರೆ ಮಸಾಲೆ ದೋಸೆ ಡೆಲಿವರ್ ಆಗುತ್ತದೆ. ಅದಕ್ಕೂ ಆರ್ಡರ್ ಬೇಕು, ಕೆಲವೊಮ್ಮೆ ಒಟಿಪಿ ಬೇಕು. ಆ ರಾತ್ರಿ ಬಾಗಿಲು ಕಾದಿದ್ದ ಕಿಲ್ಲೇದಾರ ಬಹದ್ದೂರ್ ಖಾನ್ ಏನನ್ನೂ ತರಿಸಿರಲಿಲ್ಲ ಸ್ವಾಮಿ. ಬಂದದ್ದನ್ನು ಎದುರಿಸಿ ಅಲ್ಲೇ ಸತ್ತ. ಕಲ್ಲಿನಲ್ಲಿ ಅವನ ಹೆಸರಿಗೆ ಜಾಗ ಸಾಲಲಿಲ್ಲವೆಂದು ಕಾಣುತ್ತದೆ.

ಬೆಳದಿಂಗಳಲ್ಲಿ ತಮ್ಮ ಸೇನಾಪತಿ ಕಾರ್ನ್‌ವಾಲಿಸ್ ಸಾಹೇಬರು ಏಣಿ ಹತ್ತಿಸಿದರೆ ಅದು ಯುದ್ಧಕೌಶಲ. ಟಿಪ್ಪುವಿನ ಕುದುರೆಯವರು ಕತ್ತಲಲ್ಲಿ ತಮ್ಮ ಸಾಮಾನಿನ ಬಂಡಿಗಳ ಮೇಲೆ ಬಿದ್ದರೆ? ಅವರಿಗೆ ತಾವಿಟ್ಟ ಹೆಸರು 'ಲೂಟಿಗಳು'. ಆ ಪದವನ್ನೂ ನಮ್ಮ ದೇಶದಿಂದಲೇ ಎತ್ತಿಕೊಂಡಿರಿ, ಇರಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸಿಂಹಾಸನವನ್ನು ತುಂಡು ತುಂಡು ಮಾಡಿ ಹಂಚಿಕೊಂಡದ್ದಕ್ಕೆ ಮಾತ್ರ ಆ ಪದ ನೆನಪಾಗಲಿಲ್ಲ. ಅದು 'ಪ್ರೈಜ್ ಮನಿ'. ಅದಕ್ಕೊಂದು ಸಮಿತಿ, ಲೆಕ್ಕಪುಸ್ತಕ, ಪಾಲುಪಟ್ಟಿ! ರಸೀದಿ ಇದ್ದರೆ ಕಳ್ಳತನವೂ ವ್ಯವಹಾರವಾಗುತ್ತದೆಂದು ನಮ್ಮ ಕುದುರೆಯವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನು ಬಾಣದ ವಿಷಯ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ, ಬಿದಿರುಗೋಲು ಕಟ್ಟಿ ಹಾರಿಸುತ್ತಿದ್ದ ನಮ್ಮ ಬಾಣ. ಅದೇ 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನಲ್ಲಿ ಕರ್ನಲ್ ವೆಲ್ಲೆಸ್ಲಿ ಸಾಹೇಬರು ಬಾಣ, ಗುಂಡು, ಕತ್ತಲೆಗಳ ನಡುವೆ ದಾರಿ ತಪ್ಪಿ ಹಿಂದೆ ಸರಿದರು. ಮುಂದೆ ಅವರೇ ವೆಲಿಂಗ್ಟನ್ ಡ್ಯೂಕ್ ಆದದ್ದರಿಂದ ಆ ತೋಪಿನ ರಾತ್ರಿಯನ್ನು ಯಾರೂ ಕಲ್ಲಿನಲ್ಲಿ ಬರೆಸಲಿಲ್ಲ. ಬಾಣಗಳು ಇಂಗ್ಲೆಂಡಿನ ವುಲಿಚ್‌ಗೆ ಹೋದವು, ಕಾಂಗ್ರೀವ್ ಅವರ ಹೆಸರು ಪಡೆದವು, 1807ರಲ್ಲಿ ಕೋಪನ್‌ಹೇಗನ್ ಊರಿನ ಮೇಲೆ ಬಿದ್ದವು. 1814ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಹಾರಿ ಅಮೆರಿಕದ ರಾಷ್ಟ್ರಗೀತೆಗೂ ಸೇರಿದವು. ನಮ್ಮಲ್ಲಿ ಬಾಣಗಳ ನೆನಪಿಗೆ ತಾರಾಮಂಡಲಪೇಟೆ ಎಂಬ ಹೆಸರೊಂದು ಉಳಿಯಿತು. ಅಲ್ಲಿ ಈಗ ಗಾಡಿ ನಿಲ್ಲಿಸಲೂ ಜಾಗವಿಲ್ಲ.

1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದ ಕಾರ್ನ್‌ವಾಲಿಸ್ ಸಾಹೇಬರು ಎತ್ತಿಲ್ಲದೆ, ಕಾಳಿಲ್ಲದೆ ತಮ್ಮ ದೊಡ್ಡ ಫಿರಂಗಿಗಳನ್ನು ತಾವೇ ಹಾಳುಮಾಡಿ ಹಿಂದಿರುಗಿದರಲ್ಲ, ಅದಕ್ಕೆ ಸಿಕ್ಕ ನೆಪ ಮಳೆಗಾಲ. ಬೆಂಗಳೂರಿನಲ್ಲಿ ಆಫೀಸಿಗೆ ತಡವಾದವರು ಇವತ್ತಿಗೂ ಅದನ್ನೇ ಹೇಳುತ್ತಾರೆ. ತಮ್ಮವರೇ ಆದ ಗಿಲ್‌ರೇ ಎಂಬ ವ್ಯಂಗ್ಯಚಿತ್ರಕಾರ ಆ ವರ್ಷವೇ ಈ ನೆಪವನ್ನು ಚಿತ್ರ ಬರೆದು ಗೇಲಿ ಮಾಡಿದ. ಅವನೊಬ್ಬನಿಗೆ ನನ್ನ ಬೇರೆ ನಮಸ್ಕಾರ.

ನಾವೇನು ಸಾಚಾ ಎಂದಲ್ಲ. ನಮ್ಮ ಪತ್ರಿಕೆ ಟಿಪ್ಪುವಿನ ದರಿಯಾ ದೌಲತ್ ಅರಮನೆಯ ಪಡುಗೋಡೆಯ ಚಿತ್ರ. 1780ರ ಪೊಳ್ಳಿಲೂರು ಯುದ್ಧದ ವರದಿ ಅಲ್ಲಿದೆ: ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚುತ್ತ ಕೂತಿದ್ದಾರೆ, ಟಿಪ್ಪು ಗುಂಡಿನ ಮಳೆಯ ನಡುವೆ ಗುಲಾಬಿ ಮೂಸುತ್ತಿದ್ದಾನೆ. ಯಾವ ಸೇನಾಪತಿ ಯುದ್ಧದಲ್ಲಿ ಹೂವು ಮೂಸುತ್ತಾನೆ? ಕೊಡಗಿನವರನ್ನು, ಮೇಲುಕೋಟೆಯವರನ್ನು ಕೇಳಿದರೆ ಆ ಗುಲಾಬಿಯ ಮುಳ್ಳಿನ ಕಥೆ ಬೇರೆಯೇ ಇದೆ. ಆದರೆ ನಮ್ಮ ಗೋಡೆ ಕಟ್ಟುಕಥೆಯೆಂದು ಮಕ್ಕಳಿಗೂ ತಿಳಿಯುತ್ತದೆ, ತಮ್ಮ ಕಲ್ಲನ್ನು ಅವರು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ.

ಕೊನೆಗೊಂದು ಕೋರಿಕೆ. ಆ ಸಿಂಹಾಸನದ ಚಿನ್ನದ ಹುಲಿತಲೆ ವಿಂಡ್ಸರ್ ಅರಮನೆಯವರ ಬಳಿ ಇದೆ. ಡೆಲಿವರಿ ತಪ್ಪು ವಿಳಾಸಕ್ಕೆ ಹೋಗಿದೆ. ಹಿಂದಕ್ಕೆ ಕಳಿಸುವ ಮನಸ್ಸಾದರೆ ಸೀತಾ ಸರ್ಕಲ್ ಹತ್ತಿರ ಬಂದು ಫೋನ್ ಮಾಡಿ, ಒಟಿಪಿ ಹೇಳುತ್ತೇನೆ.

ಇಂತಿ,
ಗಿರಿನಗರದ ಒಬ್ಬ ಓದುಗ