ಐನೂರು ರೂಪಾಯಿಯ ಬೆಂಕಿ

ಮಲೆನಾಡಿನ ಆ ಹೋಂಸ್ಟೇಯಲ್ಲಿ ಊಟ, ವಸತಿ, ಜಿಗಣೆ ಎಲ್ಲ ಬಾಡಿಗೆಯಲ್ಲೇ ಸೇರಿದ್ದವು. ಬೆಂಕಿಗೆ ಮಾತ್ರ ಬೇರೆ ಲೆಕ್ಕ. ‘ಬೋನ್ ಫೈರ್ – 500’ ಎಂದು ಗೋಡೆಗೆ ಚೀಟಿ ಅಂಟಿಸಿದ್ದರು. ‘ಬೋನ್ ಅಲ್ಲಪ್ಪಾ, ಬಾನ್’ ಎಂದು ಕೆಲಸದ ಹುಡುಗನನ್ನು ತಿದ್ದಿದೆ. ಓದಿದವರ ಚಪಲ.

‘ಬಾನೆತ್ತರ ಉರಿಯುತ್ತೆ ಅಂತ ಬಾನ್ ಅಂತಾರೇನೋ?’ ಎಂದರು ಸೋದರತ್ತೆ. ‘ನಮ್ಮೂರಲ್ಲಿ ಕಾಮನ ಹುಣ್ಣಿಮೆಗೆ ಹುಡುಗರು ರಾತ್ರಿ ಸೌದೆ ಕದ್ದು ತರೋರು. ಇವರದ್ದು ಹಗಲುದರೋಡೆ.’

ಬಾನೆತ್ತರದ ಮಾತಿರಲಿ, ಉರಿ ಮೊಣಕಾಲೆತ್ತರಕ್ಕೂ ಏಳಲಿಲ್ಲ. ಮಳೆ ಬಿಟ್ಟ ಹೊಸತು, ಹಸಿ ಸೌದೆ. ಹುಡುಗ ಊದಿದ, ರಟ್ಟಿನಿಂದ ಬೀಸಿದ, ಕೊನೆಗೆ ಡೀಸೆಲ್ ಸುರಿದ. ಸಂಭ್ರಮಕ್ಕೆಂದು ಸುತ್ತ ಕೂತವರೆಲ್ಲ ಹೊಗೆಗೆ ಕಣ್ಣೀರು ಹಾಕುತ್ತಿದ್ದೆವು. ಹೊತ್ತು ಹೋಗಲೆಂದು ಫೋನಿನಲ್ಲಿ ಆ ಪದದ ಮೂಲ ಹುಡುಕಿದೆ.

ಅತ್ತೆಯ ಜಾಡಿನಲ್ಲೇ ನಡೆದ ದೊಡ್ಡ ಮನುಷ್ಯನೊಬ್ಬ ಅಲ್ಲಿದ್ದ. 1755ರಲ್ಲಿ ಇಂಗ್ಲಿಷಿಗೆ ನಿಘಂಟು ಕಟ್ಟಿಕೊಟ್ಟ ಸ್ಯಾಮ್ಯುಯೆಲ್ ಜಾನ್ಸನ್, ‘ಒಳ್ಳೆಯ’ ಎನ್ನುವ ಫ್ರೆಂಚ್ ಪದಕ್ಕೆ ಫೈರ್ ಸೇರಿಸಿ ಇದನ್ನು ‘ಒಳ್ಳೆಯ ಬೆಂಕಿ’ ಮಾಡಿಬಿಟ್ಟಿದ್ದ. ಅತ್ತೆ ಕನ್ನಡದಿಂದ ಎಳೆದು ತಂದರು, ಆತ ಫ್ರೆಂಚಿನಿಂದ; ಇಬ್ಬರದೂ ತಪ್ಪೇ. ನನ್ನದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಅದು ನಿಜಕ್ಕೂ ಬೋನ್, ಮೂಳೆಯೇ! 1483ರ ಇಂಗ್ಲಿಷ್–ಲ್ಯಾಟಿನ್ ಪದಕೋಶವೊಂದು ‘ಬೇನ್‌ಫೈರ್’ ಎಂದು ಬರೆದು, ‘ಮೂಳೆಗಳ ಬೆಂಕಿ’ ಎಂದೇ ಅರ್ಥ ಕೊಟ್ಟಿದೆ. ನಡುಬೇಸಗೆಯಲ್ಲಿ ಸಂತ ಜಾನನ ಹಬ್ಬದ ಮುನ್ನಾ ರಾತ್ರಿ ಇಂಗ್ಲೆಂಡಿನವರು ಮೂಳೆ ಗುಡ್ಡೆ ಹಾಕಿ ಸುಡುತ್ತಿದ್ದರು. ಆ ನಾತಕ್ಕೆ ಡ್ರ್ಯಾಗನ್‌ಗಳು ಹತ್ತಿರ ಸುಳಿಯುವುದಿಲ್ಲ ಎಂದು 14ನೇ ಶತಮಾನದ ಕೊನೆಯಲ್ಲಿ ಜಾನ್ ಮಿರ್ಕ್ ಎಂಬ ಪಾದ್ರಿ ಬೋಧಿಸಿದ್ದ. ಮುಂದೆ ಮೂಳೆ ಹೋಗಿ ಸೌದೆ ಉಳಿಯಿತು, ಬಾಯಲ್ಲಿ ಬೋನ್ ಮೊಟಕಾಗಿ ಬಾನ್ ಆಯಿತು. ನವೆಂಬರ್ 5ರಂದು ಅಲ್ಲಿನವರು, ಸಂಸತ್ತು ಸ್ಫೋಟಿಸುವ ಸಂಚಿನಲ್ಲಿದ್ದ ಗೈ ಫಾಕ್ಸ್‌ನ ಬೊಂಬೆ ಸುಡುವ ಬೆಂಕಿಗೂ ಇವತ್ತು ಇದೇ ಹೆಸರು.

ಇದನ್ನೆಲ್ಲ ಗಟ್ಟಿಯಾಗಿ ಓದಬಾರದಿತ್ತು. ‘ಮೂಳೆ’ ಕಿವಿಗೆ ಬಿದ್ದದ್ದೇ ತಡ, ಅತ್ತೆ ಶಾಲು ಕೊಡವಿ ಎದ್ದವರು ಆ ಚಳಿಯಲ್ಲಿ ತಲೆಗೆ ಸ್ನಾನ ಮಾಡಿಯೇ ಮಲಗಿದರು. ಡ್ರ್ಯಾಗನ್‌ಗಳ ಮಾತು ಹಾಗಿರಲಿ, ಅತ್ತೆ ಮಾತ್ರ ಓಡಿದ್ದು ನಿಜ.

ಬೆಳಿಗ್ಗೆ ಬಿಲ್ ಬಂತು. ಪಾಪ, ಹುಡುಗ ನನ್ನ ಮಾತಿಗೆ ಬೆಲೆ ಕೊಟ್ಟು ‘ಬೋನ್’ ಹೊಡೆದುಹಾಕಿ ‘ಬಾನ್’ ಎಂದು ತಿದ್ದಿದ್ದ. ಪೆನ್ನು ಇಸಿದುಕೊಂಡು ಮತ್ತೆ ‘ಬೋನ್’ ಎಂದು ಬರೆದುಕೊಟ್ಟೆ. 500 ಹಾಗೇ ಇತ್ತು.