ಮಹಡಿ ಇಲ್ಲದ ಚರ್ಚು

ಚರ್ಚಿನ ಕೂಟಗಳಲ್ಲಿ ನಗುವುದಕ್ಕೂ ಒಂದು ಸರದಿ ಇದೆ. ಯಾರೂ ಬರೆದಿಟ್ಟದ್ದಲ್ಲ, ಆದರೆ ಎಲ್ಲರಿಗೂ ಗೊತ್ತು. ಮೊದಲು ಪಾಸ್ಟರು, ಆಮೇಲೆ ಸಭಾ ಹಿರಿಯರು, ಅವರ ಹಿಂದೆ ಹಿರಿಯರ ಮನೆಯವರು, ಕೊನೆಗೆ ನಮ್ಮಂಥವರು. ಪಾಸ್ಟರು ಕ್ರಿಸ್ಮಸ್ಸಿಗೊಮ್ಮೆ ಹೇಳುವ ಕುರಿಯ ಕಥೆಗೆ ನಾವು ವರ್ಷವರ್ಷವೂ ಹೊಸದಾಗಿ ನಗುತ್ತೇವೆ. ಕುರಿ ಇನ್ನೂ ಕಥೆಯೊಳಗೆ ಬರುವ ಮೊದಲೇ ಕೆಲವರು ನಕ್ಕು ಮುಗಿಸಿರುತ್ತಾರೆ. ಅದೇ ಹಿಂದಿನ ಬೆಂಚಿನಿಂದ ಒಂದು ಚಟಾಕಿ ಹಾರಲಿ, ಎಲ್ಲರೂ ಪಾಸ್ಟರ ಮುಖ ನೋಡುತ್ತಾರೆ. ಪಾಸ್ಟರು ಬೈಬಲ್ ನೋಡುತ್ತಾರೆ. ಹಾರಿಸಿದವನು ಫ್ಯಾನು ನೋಡುತ್ತಾನೆ.

ನಮ್ಮ ಚರ್ಚಿನ ಫ್ಯಾನಿಗೆ ಮೂರು ರೆಕ್ಕೆ, ಒಂದರ ತುದಿ ಸ್ವಲ್ಪ ಬಾಗಿದೆ. ನಾನು ಚೆನ್ನಾಗಿ ನೋಡಿದ್ದೇನೆ.

ಅವತ್ತು ಬೈಬಲ್ ಅಧ್ಯಯನದಲ್ಲಿ ಅಪೊಸ್ತಲರ ಕೃತ್ಯಗಳು, 20ನೆಯ ಅಧ್ಯಾಯ. ತ್ರೋವ ಎಂಬ ಊರಿನಲ್ಲಿ ಪೌಲನ ಪ್ರಸಂಗ. ಮರುದಿನ ಹೊರಡಬೇಕಾದವನು, ಹೇಳುವುದು ಬಹಳ ಉಳಿದಿದೆ, ಮಧ್ಯರಾತ್ರಿಯಾದರೂ ನಿಲ್ಲಿಸಲಿಲ್ಲ. ಕಿಟಕಿಯಲ್ಲಿ ಕುಳಿತಿದ್ದ ಯೂತಿಕನೆಂಬ ಯುವಕ ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಎತ್ತಿದಾಗ ಸತ್ತಿದ್ದ. ಪೌಲ ಇಳಿದು ಬಂದು ಅವನನ್ನು ತಬ್ಬಿಕೊಂಡು, ಜೀವ ಇದೆ ಎಂದ. ನಿಜವಾದ ಸ್ವಾರಸ್ಯ ಇರುವುದು ಇದರ ಮುಂದಿನ ಸಾಲಿನಲ್ಲಿ: ಪೌಲ ಮತ್ತೆ ಮೇಲೆ ಹೋಗಿ, ರೊಟ್ಟಿ ಮುರಿದು ತಿಂದು, ಬೆಳಗಾಗುವವರೆಗೂ ಮಾತಾಡಿದ.

"ಇದರಿಂದ ನಾವೇನು ಕಲಿಯುತ್ತೇವೆ?" ಎಂದು ಪಾಸ್ಟರು ಕೇಳಿದರು. ಒಬ್ಬರು ಎಚ್ಚರವಾಗಿರಬೇಕು ಎಂದರು. ಇನ್ನೊಬ್ಬರು ವಿಶ್ವಾಸ ಎಂದರು. ಅವರು ಯಾವ ಅಧ್ಯಾಯಕ್ಕೂ ಅದನ್ನೇ ಹೇಳುವುದು, ತಪ್ಪುವ ಭಯವಿಲ್ಲ. ಅಷ್ಟರಲ್ಲಿ ಅಧ್ಯಯನ ಮುಗಿಯಬೇಕಾದ ಹೊತ್ತು ದಾಟಿ ಬಹಳವಾಗಿತ್ತು. ನಾನು ಹೇಳಿದೆ: "ನಮ್ಮ ಚರ್ಚಿಗೆ ಮಹಡಿ ಕಟ್ಟದೆ ಬಾಸೆಲಿನವರು ದೊಡ್ಡ ಉಪಕಾರ ಮಾಡಿದರು."

ಮಾತಿನಲ್ಲಿ ದೋಷವಿಲ್ಲ ಎಂದೇ ಇಂದಿಗೂ ನನ್ನ ವಾದ. 1834ರಲ್ಲಿ ಮಂಗಳೂರಿಗೆ ಬಂದು, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಹಾಕಿದ ಬಾಸೆಲ್ ಮಿಶನ್‌ನವರಿಗೆ ಮಾಡು ಹೊದಿಸುವ ಉಮೇದು ಇದ್ದದ್ದು ಸುಳ್ಳಲ್ಲ. ಹಾಸ್ಯ ಬೈಬಲಿಗೆ ಹೊರಗಿನದೂ ಅಲ್ಲ. ಕರ್ಮೆಲ್ ಬೆಟ್ಟದಲ್ಲಿ ಎಲೀಯನು ಬಾಳನ ಪ್ರವಾದಿಗಳನ್ನು, ಇನ್ನೂ ಜೋರಾಗಿ ಕೂಗಿ, ನಿಮ್ಮ ದೇವರು ಮಲಗಿರಬಹುದು ಎಂದು ಛೇಡಿಸುತ್ತಾನೆ. ಮುದಿ ವಯಸ್ಸಿನಲ್ಲಿ ಮಗುವಾಗುತ್ತದೆಂದು ಕೇಳಿ ಗುಡಾರದೊಳಗೆ ನಕ್ಕ ಸಾರಳು, ದೇವರು ಕೇಳಿದಾಗ ಹೆದರಿ, ನಾನು ನಗಲೇ ಇಲ್ಲ ಎನ್ನುತ್ತಾಳೆ. ಇಲ್ಲ, ನಕ್ಕೆ ಎನ್ನುತ್ತಾನೆ ದೇವರು. ಮಾತು ಅಲ್ಲಿಗೇ ಮುಗಿಯುತ್ತದೆ. ಸಾರಳಿಗೆ ಯಾವ ಫ್ಯಾನೂ ಇರಲಿಲ್ಲ, ಪಾಪ.

ಬೆಳೆ ಹಬ್ಬದ ದಿನ ಚರ್ಚಿನ ಅಂಗಳದಲ್ಲಿ ಒಂದು ಕುಂಬಳಕಾಯಿಯನ್ನು ಏಲಂ ಹಾಕುವಾಗ ಇದೇ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಂಗಳಕ್ಕೂ ಒಳಗಿನ ಬೆಂಚಿಗೂ ನಡುವೆ ಇರುವುದು ಒಂದು ಹೊಸ್ತಿಲು, ಅಷ್ಟೇ.

ಮುಕ್ತಾಯದ ಪ್ರಾರ್ಥನೆಯನ್ನು ಹಿರಿಯರೊಬ್ಬರು ಮಾಡಿದರು. ಮಳೆಗೆ, ರೋಗಿಗಳಿಗೆ, ಪರೀಕ್ಷೆ ಬರೆಯುವ ಮಕ್ಕಳಿಗೆ ಬೇಡಿಕೊಂಡ ಮೇಲೆ ಸ್ವರ ತಗ್ಗಿಸಿ, "ಕರ್ತನೇ, ನಿನ್ನ ವಾಕ್ಯವನ್ನು ಹಗುರವಾಗಿ ಎಣಿಸುವವರ ನಾಲಿಗೆಯನ್ನೂ ಮುಟ್ಟು" ಎಂದರು. ಪ್ರಾರ್ಥನೆಯಲ್ಲಿ ಬೈಸಿಕೊಂಡವನ ಕಷ್ಟ ಬೇರೆಯೇ. ಕಣ್ಣು ಬಿಟ್ಟು ಯಾರು ತನ್ನನ್ನು ನೋಡುತ್ತಿದ್ದಾರೆಂದು ತಿಳಿಯುವಂತಿಲ್ಲ, ಎದ್ದು ಉತ್ತರ ಕೊಡುವಂತಿಲ್ಲ, ಕೊನೆಗೆ ಆಮೆನ್ ಅಂತಲೂ ತಾನೇ ಹೇಳಬೇಕು. ನಾನು ಉಳಿದವರಿಗಿಂತ ಜೋರಾಗಿಯೇ ಹೇಳಿದೆ.

ಆ ಮಿಶನ್‌ನವರ ಊರಾದ ಬಾಸೆಲಿನಲ್ಲೇ ಐನೂರು ವರ್ಷದ ಹಿಂದೆ ದೂರು ಇದಕ್ಕೆ ತದ್ವಿರುದ್ಧವಾಗಿತ್ತು. ಆಗ ಈಸ್ಟರ್ ಪ್ರಸಂಗದಲ್ಲಿ ಜನರನ್ನು ನಗಿಸುವುದು ಜರ್ಮನ್ ಸೀಮೆಯ ರೂಢಿ. ಬೋಧಕರು ಪೀಠದಿಂದ ಕೋಗಿಲೆಯಂತೆ ಕೂಗುವುದೂ ಇತ್ತು. ಯೊಹಾನೆಸ್ ಎಕೊಲಂಪಾಡಿಯಸ್ ಎಂಬ ಬೋಧಕ ಇದಕ್ಕೆ ಒಪ್ಪಲಿಲ್ಲ. ಇವನ ಪ್ರಸಂಗದಲ್ಲಿ ನಗುವೇ ಇಲ್ಲ ಎಂದು ಆಕ್ಷೇಪ ಬಂತು. 1518ರಲ್ಲಿ ಆತ ಈಸ್ಟರ್ ನಗುವಿನ ವಿರುದ್ಧ ಲ್ಯಾಟಿನ್ನಿನಲ್ಲಿ ಒಂದು ಪುಸ್ತಿಕೆಯನ್ನೇ ಅಚ್ಚು ಹಾಕಿಸಿದ. ಮುಂದೆ ಆ ನಗರದ ಮತಸುಧಾರಣೆಯ ಮುಂದಾಳು ಅವನೇ. ನಮ್ಮ ಹಿರಿಯರ ಪ್ರಾರ್ಥನೆಯ ಬೇರು ಎಲ್ಲಿದೆ ಎಂದು ನನಗೆ ಆಗಾಗ ಅನುಮಾನ ಬರುವುದುಂಟು.

ಪ್ರಾರ್ಥನೆ ಮುಗಿದು ಚಹಾ ಬಂತು. ನಾನು ಚಕ್ಕುಲಿಯನ್ನು ಆದಷ್ಟು ಸದ್ದಿಲ್ಲದೆ ಕಡಿಯುತ್ತಿದ್ದೆ. ಚಕ್ಕುಲಿ ಆ ಸೌಕರ್ಯ ಕೊಡುವ ತಿಂಡಿಯಲ್ಲ. ಆಗ ಮುಂದಿನ ಬೆಂಚಿನ ಅಜ್ಜಿ, ಇಷ್ಟು ಹೊತ್ತೂ ಏನೋ ಯೋಚಿಸುತ್ತಿದ್ದವರು, ಕೇಳಿದರು: "ಅಲ್ಲ ಪಾಸ್ಟರೇ, ಆ ಹುಡುಗನನ್ನು ಪುನಃ ಮೇಲೆ ಕರ್ಕೊಂಡು ಹೋಗಿ ಬೆಳಗಿನವರೆಗೆ ಕೂರಿಸಿದರಾ?"

ಪಾಸ್ಟರ ಬಾಯಲ್ಲಿ ಚಹಾ ಇತ್ತು. ಅದು ಹೇಗೋ ಇಳಿಯಿತು, ಹಿಂದೆಯೇ ನಗು ಬಂತು. ಸರದಿ ಪ್ರಕಾರ ಹಿರಿಯರು ನಕ್ಕರು, ಅವರ ಮನೆಯವರು ನಕ್ಕರು, ನಾನೂ ನಕ್ಕೆ. ಅಜ್ಜಿಗೆ ಮಾತ್ರ ಸಿಟ್ಟು ಬಂತು.

"ನಗ್ಲಿಕ್ಕೆ ಏನುಂಟು ಇದರಲ್ಲಿ? ಬಿದ್ದ ಪೋರನಿಗೆ ತಿನ್ಲಿಕ್ಕೆ ಏನಾದ್ರೂ ಕೊಟ್ಟರಾ ಇಲ್ವಾ, ಅದನ್ನಾದ್ರೂ ಹೇಳಿ."